ಟಾಕಿ

ಹಳದಿ ಒಂದು ಕಡೆಯಿಂದ ಬಂತು,
ನೀಲಿ ಇನ್ನೊಂದು ಕಡೆಯಿಂದ.
ದಾಜಿಬಾನ ಪೇಟೆಯಲ್ಲಿ ಕೊಂಡ ಕೇಕಿನ ಬಣ್ಣ,
ಸೀಸೆಗೆ ಮೂವತ್ತು ರೂಪಾಯಿ.
ಕೂದಲೆರಡು ಜೋಡಿಸಿದಷ್ಟು ಅಗಲದ ಕಾಲುವೆಯಲ್ಲಿ
ಎರಡೂ ಭೇಟಿಯಾದವು,
ಮೈಗೆ ಮೈ ತಾಗಿಸಿ ಹರಿದವು,
ಆ ತುದಿಯಲ್ಲಿ ಹಳದಿ ಹಳದಿಯಾಗಿಯೇ,
ನೀಲಿ ನೀಲಿಯಾಗಿಯೇ ಇಳಿದು ಹೋದವು.
ನಡುವೆ ಅಡಿಪಟ್ಟಿ ಇಟ್ಟು ಎಳೆದಂಥ ಗೆರೆ.

"ಕೂಡವಲ್ವು ಮೇಡಂ" ಅಂದ
ಸಂಗಮೇಶ ಬಡಿಗೇರ,
ಹೆಸರಿನಲ್ಲೇ ಎರಡು ಹೊಳೆ ಕೂಡಿಸಿಕೊಂಡ ಹುಡುಗ.

ಚಹಾದ ಕಪ್ಪಿಗಾದರೆ ಚಮಚ ಇದೆ.
ಬೇಡ್ತಿಗಾದರೆ ಬಂಡೆ ಇದೆ, ಬೀಳಲು ಕೊರಕಲು ಇದೆ.
ಇಷ್ಟು ಸಣ್ಣದಾದಾಗ
ನೀರು ಜೇನಿನ ಸ್ವಭಾವ ಕಲಿಯುತ್ತದೆ:
ಅವಸರವಿಲ್ಲ, ಗದ್ದಲವಿಲ್ಲ, ಸುಳಿಯ ಮಾತೇ ಇಲ್ಲ.
ಒಂದೊಂದು ಕಣವೂ ತಾನಾಗಿ ಅಲೆದಲೆದು
ಆಚೆ ದಡ ಮುಟ್ಟಬೇಕು.
ಅಷ್ಟರಲ್ಲಿ ಕಾಲುವೆ ಮುಗಿದಿರುತ್ತದೆ.

ನಮಗೆ ಬೇಕಾದದ್ದು
ಒಂದು ಹನಿ ರಕ್ತ, ಅರ್ಧ ಹನಿ ಔಷಧ,
ಕಲಘಟಗಿ ಕಡೆಯ ಆಸ್ಪತ್ರೆಯ ಮೇಜಿನ ಮೇಲೆ,
ಕರೆಂಟು ಇರಲಿ ಬಿಡಲಿ.
ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಂದ ಬಸುರಿ
ಕೂತು ಏಳುವಷ್ಟರೊಳಗೆ
ಎರಡೂ ಕೂಡಿ ಬಣ್ಣ ಹೇಳಬೇಕು.
ಅರೆಬರೆ ಬೆರೆತರೆ
ಬಣ್ಣ ಸುಳ್ಳು ಹೇಳುತ್ತದೆ.

ಕಾಲುವೆಯನ್ನು ಡೊಂಕು ಮಾಡಿದೆವು,
ಅತ್ತೆಯ ಸೆರಗಿನ ಕಸೂತಿಯ ಮುರ್ಗಿಯಂತೆ
ಏರಿಸಿ ಇಳಿಸಿ, ಹದಿನಾರು ತಿರುವು.
ಕೈಕೈ ಹಿಡಿದ ಗೆಳತಿಯರ ಹಾಗೆ
ಹದಿನಾರನ್ನೂ ಒಟ್ಟಿಗೇ ತಿರುಗಿ
ಹಳದಿ ಹಳದಿ, ನೀಲಿ ನೀಲಿ.
ಜೋರಾಗಿ ತಳ್ಳಿದೆವು. ಅಂಟು ಬಿಟ್ಟು ಸಿಡಿಯಿತು.
ಸಂಗಮೇಶನ ಅಂಗಿಯ ಮೇಲೆ ಮಾತ್ರ
ಒಂದು ಹಸಿರು ಕಲೆ.

ರಾತ್ರಿ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಬರುತ್ತ
ನವನಗರದ ಹತ್ತಿರ ಕಿಟಕಿಯಾಚೆ ನೋಡಿದೆ:
ನಮ್ಮ ದಾರಿ ನಮಗೆ, ಕಂಬಿಯಾಚೆ ಲಾರಿಯ ದಾರಿ ಲಾರಿಗೆ.
ಎರಡೂರಿಗೂ ಒಂದೇ ಪಾಲಿಕೆ,
ಆದರೂ ಹುಬ್ಬಳ್ಳಿಯವರು ಹುಬ್ಬಳ್ಳಿಯವರೇ.
ಮಳೆಯೂ ಹಾಗೇ ಅಂತಾರೆ ನಮ್ಮಲ್ಲಿ,
ಒಂದೇ ಮಾಳಿಗೆಗೆ ಬಿದ್ದದ್ದು
ಅರ್ಧ ಮೂಡಲ ಕಡಲಿಗೆ, ಅರ್ಧ ಪಡುವಲಕ್ಕೆ.
ಎಂಥ ಊರಲ್ಲಿ ಕೂತು
ಎಂಥ ಕೆಲಸ ಹಿಡಿದೆ ನಾನು!

ಮಂಗಳವಾರ ಕರೆಂಟಿಲ್ಲ.
ಮದಿಹಾಳದ ಗಿರಣಿಯಲ್ಲಿ ಜೋಳದ ಡಬ್ಬಿ ಇಟ್ಟು ನಿಂತೆ.
ದಾವಲಸಾಬ ನದಾಫ ಮೇಲಿನ ಕಲ್ಲು ಕಳಚಿ ಮಗುಚಿ
ಟಾಕಿ ಹೊಡೆಯುತ್ತ ಕೂತಿದ್ದ,
ಹುಬ್ಬು ರೆಪ್ಪೆಯೆಲ್ಲ ಬಿಳಿ.
ನಡುವಿನಿಂದ ಅಂಚಿಗೆ ಓರೆ ಓರೆ ಗೆರೆ.
"ನೆಟ್ಟಗ ಹೊಡದ್ರ ಕಾಳು ಹಂಗ ಜಾರಿ ಹೊಕ್ಕಾವ್ರಿ.
ಓರೆ ಇರಬೇಕು. ನೆಲಾನ ತಿರುವಿ ಹಾಕತೈತಿ."

ನೆಲ.
ಆರು ತಿಂಗಳಿಂದ ಗೋಡೆ ಬಾಗಿಸುತ್ತಿದ್ದೆವು,
ನೆಲವನ್ನು ಕೇಳಿರಲಿಲ್ಲ.
ನನಗೇ ಮೊದಲು ಹೊಳೆದದ್ದೇನಲ್ಲ,
ದೂರದ ಯಾರೋ ಎಂದೋ ಮಾಡಿ ಬರೆದಿಟ್ಟದ್ದು;
ಓದಿಯೂ ಇದ್ದೆ.
ಕಣ್ಣಿಗೆ ಬಿದ್ದದ್ದು ಅವತ್ತು.

ಕಾಲುವೆಯ ತಳಕ್ಕೆ ಟಾಕಿ ಹೊಡೆದೆವು,
ಮೀನಿನ ಮುಳ್ಳಿನಂತೆ ಗೆರೆ,
ನಡುಮೂಳೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸರಿಸಿ.
ಮೆಲ್ಲಗೆ ಬಿಟ್ಟೆವು.
ಹಳದಿ ತಳ ಮುಟ್ಟಿ ಅಡ್ಡಕ್ಕೆ ಹೊರಳಿತು,
ನೀಲಿ ಮೇಲಿಂದ ಬಂದು ಅದನ್ನು ಹೊದಿಸಿತು,
ಮಡಿಕೆ, ಮಡಿಕೆಯ ಮೇಲೆ ಮಡಿಕೆ,
ಅಂಗೈಯಿಲ್ಲದೆ ನಾದಿಕೊಳ್ಳುವ ಹಿಟ್ಟು,
ಪಟ್ಟಿ ಇದ್ದದ್ದು ನೂಲಾಗಿ, ನೂಲು ಇಲ್ಲವಾಗಿ
ಒಂಬತ್ತನೆಯ ಸಾಲಿನ ಹತ್ತಿರ
ಯಾವುದು ಯಾವುದೆಂದು ಹೇಳಲಾಗಲಿಲ್ಲ.
ಮೊಳಕಾಲೆತ್ತರದ ಜೋಳದ ಹಸಿರು.

ಸಂಗಮೇಶ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ,
"ಕೂಡಿದ್ವು" ಅನ್ನಲೂ ಇಲ್ಲ.
ನಾಳೆ ರಕ್ತ ಹಾಕಬೇಕು.
ರಕ್ತ ಬಣ್ಣದ ನೀರಲ್ಲ, ಅದರ ಹಟ ಬೇರೆ.

ಶನಿವಾರ ದಾವಲಸಾಬ ಕೇಳಿದ,
"ನಿಮ್ಮ ಗಿರಣ್ಯಾಗ ಏನ್ ಬೀಸ್ತೀರಿ ಅಕ್ಕಾರ?"
"ಒಂದು ಹನಿ ರಕ್ತ" ಅಂದೆ.
ಡಬ್ಬಿ ತೂಗಿ, ನನ್ನ ಮುಖ ನೋಡಿ,
ಮುಚ್ಚಳ ಬೇರೆಯಾಗಿ ಕೈಗೆ ಕೊಟ್ಟ:
"ಹಿಟ್ಟು ಬಿಸಿ ಐತ್ರಿ. ಈಗ ಮುಚ್ಚಬ್ಯಾಡ್ರಿ."